‘ಸರ್ವರ್ ಡೌನ್’ ಹಿಂದಿನ ಫೈಲ್: ಒಂದು ಟೆಂಪ್ಲೇಟ್, 40 ಸರ್ವರ್

ರೇಷನ್ ಅಂಗಡಿಯಲ್ಲೋ ನೋಂದಣಿ ಕಚೇರಿಯಲ್ಲೋ ‘ಸರ್ವರ್ ಡೌನ್’ ಅಂದ ತಕ್ಷಣ ನಾವೆಲ್ಲ ಸುಮ್ಮನೆ ವಾಪಸ್ ಬರ್ತೀವಿ. ಮಳೆ ಬಂತು, ಆಟ ನಿಂತಿತು ಅನ್ನೋ ಥರ. ಆದರೆ ಸರ್ವರ್ ಮಳೆ ಅಲ್ಲ. ಎಷ್ಟೋ ಸಲ ಅದರ ಹಿಂದೆ ಯಾರೋ ತಿದ್ದಿದ ಒಂದು ಫೈಲ್ ಇರುತ್ತದೆ.

ಪತ್ರಿಕೋದ್ಯಮಕ್ಕೆ ಬರುವ ಮೊದಲು ಒಂದು ಕಂಪನಿಯಲ್ಲಿ ನಾನು ತಿದ್ದುತ್ತಿದ್ದದ್ದು ಇಂಥ ಫೈಲ್‌ಗಳನ್ನೇ. 40 ಸರ್ವರ್, ಎಲ್ಲದರಲ್ಲೂ ಎಂಜಿನ್-ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ. ಯಾವ ಹೆಸರಿಗೆ ಉತ್ತರಿಸಬೇಕು, ಲಾಗ್ ಎಲ್ಲಿ ಬರೆಯಬೇಕು, ಯಾರನ್ನು ಒಳಗೆ ಬಿಡಬಾರದು ಅಂತ ಹೇಳುವ ಕಾನ್ಫಿಗರೇಶನ್ ಫೈಲ್ ಪ್ರತಿಯೊಂದಕ್ಕೂ ಬೇಕು. ಬಹುಪಾಲು ಸಾಲುಗಳು ಎಲ್ಲದರಲ್ಲೂ ಒಂದೇ. ಹೆಸರು, ವಿಳಾಸ ಮಾತ್ರ ಬೇರೆ. ಕೈಯಲ್ಲಿ ಕಾಪಿ-ಪೇಸ್ಟ್ ಮಾಡಿದರೆ 17ನೆಯದರಲ್ಲಿ ಹಳೇ ಸಾಲು ಉಳಿದೇ ಉಳಿಯುತ್ತದೆ.

ಪರಿಹಾರ ತಾಲ್ಲೂಕು ಕಚೇರಿಗೂ ಗೊತ್ತಿರುವಂಥದ್ದೇ: ‘ಶ್ರೀ/ಶ್ರೀಮತಿ ............ ರವರಿಗೆ’ ಎಂದು ಅಚ್ಚಾದ ನೋಟಿಸ್. ಒಕ್ಕಣೆ ಒಂದೇ, ಖಾಲಿ ಜಾಗ ತುಂಬಿದರಾಯಿತು. ಆ ಒಕ್ಕಣೆಯೇ ಟೆಂಪ್ಲೇಟ್. ತುಂಬುವ ವಿವರಗಳು ವೇರಿಯಬಲ್‌ಗಳು. ಪೈಥಾನ್ ಲೋಕದಲ್ಲಿ ಇದಕ್ಕೆ ಹೆಚ್ಚು ಬಳಕೆಯಲ್ಲಿರುವುದು ಜಿಂಜಾ2. ಬರೀ ಖಾಲಿ ಜಾಗ ತುಂಬುವುದಷ್ಟೇ ಅಲ್ಲ, ‘ಪಟ್ಟಿಯಲ್ಲಿರುವ ಪ್ರತಿ ವಿಳಾಸಕ್ಕೂ ಒಂದು ಸಾಲು ಬರೆ’ ಎಂದೂ ಅದಕ್ಕೆ ಹೇಳಬಹುದು.

ಹುಟ್ಟಿದ ಫೈಲ್ ಹಂಚಲು ಇನ್ನೊಂದು ಸಲಕರಣೆ ಬೇಕು. 1993ರ ಸಿಎಫ್‌ಎಂಜಿನ್, 2005ರ ಪಪೆಟ್ ಹಳಬರು. 2012ರಲ್ಲಿ ಬಂದು 2015ರಲ್ಲಿ ರೆಡ್ ಹ್ಯಾಟ್ ಪಾಲಾದ ಆನ್ಸಿಬಲ್ ಜಿಂಜಾ2ವನ್ನೇ ಬಳಸುತ್ತದೆ. ಸರ್ವರ್‌ಗಳ ಪಟ್ಟಿ ಒಂದು ಕಡೆ, ಗುಂಪಿಗೆ ಸೇರಿದ ವಿವರ ಒಂದು ಕಡೆ, ಒಂದೊಂದು ಸರ್ವರ್‌ನ ವಿವರ ಇನ್ನೊಂದು ಕಡೆ ಇಡುತ್ತೀರಿ. ಅದು ಪ್ರತಿ ಸರ್ವರ್‌ಗೂ ಫೈಲ್ ತಯಾರಿಸಿ, ಅಲ್ಲಿರುವುದಕ್ಕೆ ಹೋಲಿಸಿ, ವ್ಯತ್ಯಾಸ ಇದ್ದರೆ ಮಾತ್ರ ಬದಲಿಸುತ್ತದೆ.

ಇಷ್ಟು ಸುಲಭ ಅನ್ನಿಸಿದಾಗಲೇ ನಾನು ಜಾರಿದ್ದು. ನಮ್ಮಲ್ಲಿ ಆನ್ಸಿಬಲ್ ಇರಲಿಲ್ಲ; ಜಿಂಜಾ2 ಇಟ್ಟುಕೊಂಡು ನಾನೇ ಒಂದು ಸ್ಕ್ರಿಪ್ಟ್ ಬರೆದಿದ್ದೆ (ಎಂಜಿನಿಯರ್‌ಗಳಿಗೆ ಈ ಚಟ ಇರುತ್ತದೆ). ನಿರ್ಬಂಧಿತ ವಿಳಾಸಗಳ ಪಟ್ಟಿಯ ಹೆಸರಲ್ಲಿ ಒಂದಕ್ಷರ ತಪ್ಪಾಯಿತು. ಹೆಸರೇ ಇಲ್ಲದ ವೇರಿಯಬಲ್ ಸಿಕ್ಕರೆ ಜಿಂಜಾ2 ತಾನಾಗಿ ದೂರುವುದಿಲ್ಲ, ಖಾಲಿ ಅಂದುಕೊಂಡು ಮುಂದೆ ಹೋಗುತ್ತದೆ. 40 ಫೈಲ್ ಹುಟ್ಟಿದವು. ಎಂಜಿನ್-ಎಕ್ಸ್ ಪರೀಕ್ಷೆಯೂ ಪಾಸ್, ಯಾಕಂದ್ರೆ ವ್ಯಾಕರಣ ಸರಿಯಾಗಿತ್ತು. ಯಾರನ್ನೂ ತಡೆಯದ ಫೈಲ್ ಕೂಡ ಸರಿಯಾದ ಫೈಲೇ! 11 ದಿನ 40 ಬಾಗಿಲೂ ತೆರೆದಿದ್ದವು. ಲಾಗ್ ನೋಡಿ ಕಂಡುಹಿಡಿದದ್ದು ನಾನಲ್ಲ, ಪಕ್ಕದ ಟೀಮಿನ ಸಹೋದ್ಯೋಗಿ. ಕೈಯಲ್ಲಿ ಬರೆದಿದ್ದರೆ ಒಂದು ಸರ್ವರ್ ಹಾಳಾಗುತ್ತಿತ್ತು.

ಹೆಸರಿಲ್ಲದ ವೇರಿಯಬಲ್ ಕಂಡರೆ ಆನ್ಸಿಬಲ್ ಸಾಮಾನ್ಯವಾಗಿ ನಿಂತುಬಿಡುತ್ತದೆ. ಜಿಂಜಾ2ಗೂ ಹಾಗೆ ನಿಲ್ಲುವ ಕಟ್ಟುನಿಟ್ಟಿನ ಸೆಟ್ಟಿಂಗ್ ಇದೆ, ನಾನು ಹಾಕಿರಲಿಲ್ಲ ಅಷ್ಟೇ. ಆದರೆ ನಿಜವಾಗಿ ಉಳಿಸುವುದು ಬೇರೆ ಎರಡು ಅಭ್ಯಾಸ. ಒಂದು, ಏನೂ ಬದಲಿಸದೆ ಏನು ಬದಲಾಗಲಿದೆ ಅಂತ ಸಾಲುಸಾಲಾಗಿ ತೋರಿಸುವ ತಾಲೀಮು ಓಟ. ಅದನ್ನು ಓದಿದ್ದರೆ ಅಳಿಸಿಹೋಗುವ ವಿಳಾಸಗಳು ಕಣ್ಣಿಗೆ ಹೊಡೆಯುತ್ತಿದ್ದವು. ಇನ್ನೊಂದು, ಕಂತು: ಮೊದಲು 1 ಸರ್ವರ್, ಆಮೇಲೆ 5, ಆಮೇಲೆ ಉಳಿದವು. ಇಲ್ಲೂ ಒಂದು ಕೊಕ್ಕೆ ಇದೆ. ಒಂದು ಕಂತಿನ ಎಲ್ಲ ಸರ್ವರ್ ಸೋತರೆ ಮಾತ್ರ ಆನ್ಸಿಬಲ್ ತಾನಾಗಿ ನಿಲ್ಲುತ್ತದೆ. 5ರಲ್ಲಿ 4 ಬಿದ್ದರೂ ಮುಂದುವರಿಯುತ್ತದೆ. ಎಷ್ಟು ಶೇಕಡಾ ಸೋತರೆ ನಿಲ್ಲಬೇಕು ಅಂತ ನೀವೇ ಬರೆದಿಡಬೇಕು.

ದೊಡ್ಡವರೂ ಇಲ್ಲೇ ಬೀಳ್ತಾರೆ. ಬಾಟ್‌ಗಳನ್ನು ಗುರುತಿಸುವ ಒಂದು ಫೈಲನ್ನು ಕ್ಲೌಡ್‌ಫ್ಲೇರ್ 5 ನಿಮಿಷಕ್ಕೊಮ್ಮೆ ಡೇಟಾಬೇಸ್‌ನಿಂದ ಹುಟ್ಟಿಸಿ ತನ್ನ ಇಡೀ ಜಾಲಕ್ಕೆ ಹಂಚುತ್ತಿತ್ತು. 2025ರ ನವೆಂಬರ್ 18ರಂದು ಡೇಟಾಬೇಸ್‌ನ ಅನುಮತಿಯೊಂದನ್ನು ಬದಲಿಸಿದ್ದರಿಂದ ಅದೇ ಸಾಲುಗಳು ಎರಡೆರಡು ಸಲ ಬಂದವು, ಫೈಲ್ ಗಾತ್ರ ದುಪ್ಪಟ್ಟಾಯಿತು. ಅದನ್ನು ಓದುವ ತಂತ್ರಾಂಶಕ್ಕೆ 200 ಅಂಶಗಳ ಮಿತಿಯಿತ್ತು. ಮಿತಿ ದಾಟಿತು, ಕುಸಿಯಿತು. ನಮ್ಮ ಸಂಜೆಯ ಸುಮಾರು 3 ತಾಸು ಎಕ್ಸ್, ಚಾಟ್‌ಜಿಪಿಟಿ ಸೇರಿ ಎಷ್ಟೋ ತಾಣಗಳು ಮುಗ್ಗರಿಸಿದವು. ಕಂಪನಿಯವರಿಗೇ ಮೊದಲು ಅನುಮಾನ ಬಂದದ್ದು ಹೊರಗಿನ ದಾಳಿ ಅಂತ. ನಾವೇ ಹುಟ್ಟಿಸಿದ ಫೈಲನ್ನೂ ಇನ್ನು ಮುಂದೆ ಹೊರಗಿನವರು ಕೊಟ್ಟ ಫೈಲ್‌ನಷ್ಟೇ ಅನುಮಾನದಿಂದ ನೋಡ್ತೀವಿ ಎಂದು ಆಮೇಲೆ ಬಹಿರಂಗವಾಗಿ ವಿವರ ಬರೆದರು.

ಹಾಗೆ ಬರೆಯುವ ರೂಢಿ ನಮ್ಮ ಸಾರ್ವಜನಿಕ ಸೇವೆಗಳಿಗೂ ಬರಬೇಕು ಅಂತ ನನ್ನ ವಾದ. ಮುಂದಿನ ಸಲ ‘ತಾಂತ್ರಿಕ ದೋಷ’ ಎಂಬ ಎರಡು ಪದದ ಪ್ರಕಟಣೆ ಕಂಡರೆ ಮಾಹಿತಿ ಹಕ್ಕಿನಲ್ಲಿ ಇಷ್ಟು ಕೇಳಿ: ಯಾವ ಫೈಲ್ ಬದಲಾಯಿತು, ಕಳಿಸುವ ಮೊದಲು ಎರಡನೇ ವ್ಯಕ್ತಿ ಯಾರಾದರೂ ಓದಿದ್ದರಾ, ಮೊದಲ ಕಂತಿನಲ್ಲಿ ಎಷ್ಟು ಸರ್ವರ್ ಇದ್ದವು?