ಗರಡಿಮನೆಯ ಶರೀರವಿದ್ಯೆ

ಸಿಂಗಾಪುರ, ಜಾಲಹಳ್ಳಿ, ಯಲಹಂಕಗಳಿಂದ ಹೆಬ್ಬಾಳದವರೆಗೆ ಹಬ್ಬಿರುವ ಬೆಂಗಳೂರಿನ ಉತ್ತರ ಸೀಮೆಯು ಇಂದು ಮನೆಗಳಿಂದಲೂ ಮಾರ್ಗಗಳಿಂದಲೂ ಕಿಕ್ಕಿರಿದು ನಿಂತಿದ್ದರೂ, ಬಾಹುಬಲವನ್ನು ಗೌರವಿಸಿದ ಬಹು ಪ್ರಾಚೀನವಾದ ನೆಲವೆಂಬುದಕ್ಕೆ ಹೆಬ್ಬಾಳದಲ್ಲಿ ದೊರೆತ ಕಿತ್ತಯ್ಯನ ವೀರಗಲ್ಲೇ ಸಾಕ್ಷಿಯಾಗಿದೆ. ಗಂಗರ ಶ್ರೀಪುರುಷನ ಆಳಿಕೆಯಲ್ಲಿ, ಸುಮಾರು ಕ್ರಿ.ಶ. 750ರಲ್ಲಿ, ಹಗೆಗಳ ದಾಳಿಯನ್ನು ಎದುರಿಸಿ ಮಡಿದ ವೀರನ ನೆನಪಿಗೆ ನಿಲ್ಲಿಸಿದ ಈ ಕಲ್ಲಿನ ಬರಹವು ಬೆಂಗಳೂರಿನ ಪರಿಸರದ ಅತ್ಯಂತ ಹಳೆಯ ಕನ್ನಡ ಶಾಸನಗಳಲ್ಲಿ ಒಂದು. ಅಂತಹ ವೀರರ ತೋಳಿಗೆ ಕತ್ತಿಯನ್ನು ಬೀಸುವ ಕಸುವನ್ನೂ, ಬೀಸಿದ ತೋಳನ್ನು ನಿಮಿಷಾರ್ಧದಲ್ಲಿ ಹಿಂದೆಗೆಯುವ ಚಳಕವನ್ನೂ ಕಲಿಸಿದ ಗರಡಿವಿದ್ಯೆಯ ಚರಿತ್ರೆಯನ್ನು ನಾವು ಬರೆದಿಟ್ಟುಕೊಂಡಿರುವುದು ಅತ್ಯಲ್ಪ.

ಬರೆದಿಟ್ಟವರಲ್ಲಿ ಅಗ್ರಗಣ್ಯನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ. ಹನ್ನೆರಡನೆಯ ಶತಮಾನದ ಅವನ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವಿದ್ದು, ಜಟ್ಟಿಗಳ ದರ್ಜೆ, ಅವರಿಗೆ ಸಲ್ಲಬೇಕಾದ ಆಹಾರ, ಅವರು ಮಾಡಬೇಕಾದ ಶ್ರಮಗಳು ಅಲ್ಲಿ ವಿವರವಾಗಿ ನಿರೂಪಿತವಾಗಿವೆ. ಭಾರವನ್ನೆತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ಕಂಬವನ್ನು ಹಿಡಿದೇರುವ ಸ್ತಂಭಶ್ರಮ ಎಂಬೀ ವಿಭಾಗವನ್ನು ನೋಡಿದಾಗ, ಕೇವಲ ಮಾಂಸವನ್ನು ಬೆಳೆಯಿಸುವುದು ಆ ಗುರುಗಳ ಗುರಿಯಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಕಂಬದ ಮೇಲೆ ಒಂದು ತೊಡೆಯ ಹಿಡಿತದಿಂದ ನಿಂತವನಿಗೆ ಬಲವೊಂದೇ ಸಾಲದು. ಯಾವ ಪೇಶಿ ಬಿಗಿಯಬೇಕು, ಯಾವುದು ಸಡಿಲಬೇಕು ಎಂಬ ವಿವೇಕ ಮೈಗೆ ಬಂದಿರಬೇಕು.

ಈ ವಿವೇಕದ ಗುಟ್ಟನ್ನು ವಿಜ್ಞಾನವು ಬಿಡಿಸಿ ಹೇಳಿದುದು ಬಹು ಕಾಲದ ಮೇಲೆ. ಮೊಳಕೈಯನ್ನು ಮಡಿಸುವ ಪೇಶಿ ಸಂಕುಚಿಸುವಾಗ ಅದಕ್ಕೆ ಎದುರಾದ ಹಿಂಬದಿಯ ಪೇಶಿಗೆ ಸಡಿಲಾಗುವಂತೆ ಬೆನ್ನುಹುರಿಯಿಂದಲೇ ಆಜ್ಞೆ ಹೊರಡುತ್ತದೆಂದು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ನನು ಪ್ರಯೋಗಗಳಿಂದ ತೋರಿಸಿಕೊಟ್ಟನು. ನರಮಂಡಲದ ಸಂಶೋಧನೆಗಾಗಿ 1932ರಲ್ಲಿ ಅವನಿಗೆ ನೊಬೆಲ್ ಪುರಸ್ಕಾರ ದೊರೆಯಿತು. ನರದ ತುದಿಯಿಂದ ಒಸರುವ ರಾಸಾಯನಿಕವು ಪೇಶಿಯನ್ನು ಎಚ್ಚರಿಸುವುದು, ಪೇಶಿಯೊಳಗಣ ಸೂಕ್ಷ್ಮ ತಂತುಗಳು ಒಂದರೊಳಗೊಂದು ಜಾರಿ ಅದನ್ನು ಕುಗ್ಗಿಸುವುದು, ಕುಗ್ಗಿದ ಪೇಶಿಯು ಕಂಡರದ ಮೂಲಕ ಎಲುಬನ್ನೆಳೆದು ಸಂಧಿಯನ್ನು ತಿರುಗಿಸುವುದು, ಎಷ್ಟು ಎಳೆತವಾಯಿತೆಂಬ ವಾರ್ತೆಯನ್ನು ಪೇಶಿಯೊಳಗಿನ ನರಾಗ್ರಗಳು ಮರಳಿ ಬೆನ್ನುಹುರಿಗೆ ಮುಟ್ಟಿಸುವುದು, ಇವೆಲ್ಲವೂ ಕಣ್ಣೆವೆಯಿಕ್ಕುವಷ್ಟರಲ್ಲಿ ಮುಗಿಯುವ ವ್ಯಾಪಾರ. ಗರಡಿಯ ಉಸ್ತಾದನಿಗೆ ಈ ಹೆಸರುಗಳಾವುವೂ ತಿಳಿದಿರಲಿಲ್ಲ. ಆದರೆ ಕೆಮ್ಮಣ್ಣಿನ ಮಟ್ಟಿಯಲ್ಲಿ ಒಂದೇ ಪಟ್ಟನ್ನು ವರ್ಷಗಟ್ಟಲೆ ಹಾಕಿಸುತ್ತ, ದಂಡ, ಬಸ್ಕಿಗಳಿಂದ ಉಸಿರನ್ನು ಪಳಗಿಸುತ್ತ, ಅವನು ಶಿಷ್ಯನ ನರಗಳಿಗೇ ಪಾಠ ಹೇಳುತ್ತಿದ್ದನು.

ನಮ್ಮ ಸೀಮೆಯಲ್ಲಿ ಈ ವಿದ್ಯೆಯನ್ನು ಕುಲವೃತ್ತಿಯಾಗಿ ಕಾಪಾಡಿಕೊಂಡು ಬಂದವರು ಜೆಟ್ಟಿಗಳು. ಮೈಸೂರು, ಚನ್ನಪಟ್ಟಣ, ಚಾಮರಾಜನಗರ, ಬೆಂಗಳೂರುಗಳ ಜೆಟ್ಟಿಗಳು ವಿಜಯದಶಮಿಯಂದು ಮೈಸೂರು ಅರಮನೆಯ ಅಂಗಳದಲ್ಲಿ ತಲೆಬೋಳಿಸಿಕೊಂಡು ವಜ್ರಮುಷ್ಟಿ ಕಾಳಗಕ್ಕಿಳಿಯುವುದನ್ನೂ, ಒಬ್ಬನ ತಲೆಯಿಂದ ನೆತ್ತರು ಚಿಮ್ಮುತ್ತಲೇ ಕಾಳಗ ನಿಲ್ಲುವುದನ್ನೂ ಬಲ್ಲವರು ಅನೇಕರಿದ್ದಾರೆ. ಅದೇ ಜೆಟ್ಟಿಗಳು ಕೀಲು ತಪ್ಪಿದವರ ಕೀಲನ್ನು ಕೂಡಿಸುವುದರಲ್ಲಿಯೂ ನಿಪುಣರೆಂದು ಹೆಸರಾಗಿದ್ದರೆಂಬುದನ್ನು ಬಲ್ಲವರು ಕಡಮೆ. ನನ್ನ ಮಟ್ಟಿಗೆ ಅವರ ನಿಜವಾದ ಹಿರಿಮೆಯಿರುವುದು ಇಲ್ಲಿಯೇ. ಹೆಗಲಿನ ಗುಂಡು ತನ್ನ ಬಟ್ಟಲಿನಿಂದ ಜಾರಿದೊಡನೆ ನೋವಿನ ವಾರ್ತೆಯನ್ನು ಕೇಳಿದ ನರಗಳು ಸುತ್ತಣ ಪೇಶಿಗಳನ್ನೆಲ್ಲ ಬಿಗಿಗೊಳಿಸಿಬಿಡುವುದರಿಂದ, ಬಲಾತ್ಕಾರದಿಂದ ಎಳೆದಷ್ಟೂ ಬಿಗುಪು ಹೆಚ್ಚುವುದೇ ಹೊರತು ಎಲುಬು ಸ್ವಸ್ಥಾನಕ್ಕೆ ಮರಳದು. ತಾಳ್ಮೆಯಿಂದ ಸತತವಾಗಿ ಸೆಳೆದು, ಪೇಶಿಯು ದಣಿದು ಸೋಲುವ ಗಳಿಗೆಯನ್ನು ಬೆರಳಿನಿಂದಲೇ ಗ್ರಹಿಸಿ, ಆಗ ತುಸು ತಿರುವಿದರೆ ಗುಂಡು ತಾನಾಗಿ ಒಳಸೇರುತ್ತದೆ. ಎದುರಾಳಿಯ ಬಿಗುಪು ಎಲ್ಲಿ ಕಳಚಿತೆಂಬುದನ್ನು ಮಟ್ಟಿಯಲ್ಲಿ ಕಲಿತ ಕೈಗೆ ರೋಗಿಯ ಹೆಗಲಿನಲ್ಲಿಯೂ ಅದು ತಿಳಿಯುವುದು ಸಹಜ. ಆದರೆ ಹೆಗಲನ್ನು ಬಳಸಿಹೋಗುವ ನರವೊಂದು ಇಂತಹ ಅಪಘಾತದಲ್ಲಿ ಜಖಂಗೊಳ್ಳುವ ಸಂಭವವುಂಟು; ಎಲುಬೇ ಮುರಿದಿದ್ದರಂತೂ ಬೆರಳಿನ ಅರಿವು ಸಾಲದು, ಕ್ಷಕಿರಣದ ಚಿತ್ರ ಅವಶ್ಯ. ನಗರದ ಬೀದಿಗಳಲ್ಲಿ ಇಂದಿಗೂ ಕಾಣುವ, ಎಲುಬು ಕಟ್ಟುವ ನಾಟಿ ವೈದ್ಯರ ‘ಪುತ್ತೂರು ಕಟ್ಟು’ ಫಲಕಗಳ ಮುಂದೆ ನಿಲ್ಲುವವರು ಇದನ್ನು ಮರೆಯಬಾರದು.

ಎಲುಬು, ಕೀಲುಗಳ ವಿಷಯದಲ್ಲಿ ನಮ್ಮ ವೈದ್ಯಶಾಸ್ತ್ರದ ಗ್ರಂಥಗಳೂ ಮೌನವಾಗಿರಲಿಲ್ಲ. ಸುಶ್ರುತನು ಹಲ್ಲುಗಳನ್ನೂ ಮೃದ್ವಸ್ಥಿಗಳನ್ನೂ ಕೂಡಿಸಿ 300 ಎಲುಬುಗಳನ್ನೆಣಿಸಿದನು. ಇಂದಿನ ಎಣಿಕೆ ಪ್ರೌಢದೇಹಕ್ಕೆ 206. ಅವನು ಹೇಳಿದ 107 ಮರ್ಮಗಳು, ಎಂದರೆ ಪೆಟ್ಟು ತಾಗಬಾರದ ನೆಲೆಗಳಾದರೋ, ಮಾಂಸ, ಸಿರಾ, ಸ್ನಾಯು, ಅಸ್ಥಿ, ಸಂಧಿಗಳೆಂದು ಐದು ಬಗೆಯಾಗಿ ವಿಂಗಡಿತವಾಗಿವೆ.

ಗರಡಿಗೂ ಹೊಸ ಶರೀರಶಾಸ್ತ್ರಕ್ಕೂ ಸೇತುವೆಯಾದ ಪುರುಷರು ನಮ್ಮ ಬೆಂಗಳೂರಿನಲ್ಲಿಯೇ ಇದ್ದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಕನ್ನಡಿಗರಿಗೆ ಪ್ರಿಯರಾದ ಕೆ. ವಿ. ಅಯ್ಯರ್ ಅವರು ಮೂಲತಃ ವ್ಯಾಯಾಮಾಚಾರ್ಯರು. ಪಾಶ್ಚಾತ್ಯರ ಭಾರಸಾಧನೆಯನ್ನು ಸೂರ್ಯನಮಸ್ಕಾರ, ಯೋಗಾಸನಗಳೊಡನೆ ಬೆಸೆದು ಅವರು ತಮ್ಮ ವ್ಯಾಯಾಮಶಾಲೆಯಲ್ಲಿ ತರುಣರನ್ನು ತಿದ್ದಿದರು. 1930ರಲ್ಲಿಯೇ ಮಾಂಸಪೇಶಿಗಳ ಸಾಧನೆಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನು ಪ್ರಕಟಿಸಿದರು. ಅಂಚೆಯ ಮೂಲಕ ದೂರದೂರದವರಿಗೂ ಪಾಠ ಕಳುಹಿಸಿದರು. ಪೇಶಿಯ ಚೆಲುವು ಪ್ರಾಣಶಕ್ತಿಯ ಆರೋಗ್ಯದಿಂದ ಬೇರೆಯಲ್ಲವೆಂಬ ಅವರ ನಿಲುವನ್ನು ಕನ್ನಡಿಯ ಮುಂದೆ ತೋಳನ್ನು ಉಬ್ಬಿಸುವುದರಲ್ಲಿಯೇ ತೃಪ್ತರಾಗುವ ಇಂದಿನ ಯುವಕರು ಆಲಿಸಬೇಕು.

ಮೈಸೂರಿನಲ್ಲಿ ದಸರೆಯ ಕುಸ್ತಿಗೆ ಜೋಡಿ ಕಟ್ಟುವ ಸಂಪ್ರದಾಯ ಇನ್ನೂ ಉಳಿದಿರುವುದರಿಂದ ಅಲ್ಲಿಯ ಗರಡಿಗಳಿಗೆ ಜೀವವಿದೆ. ನಮ್ಮ ಉತ್ತರ ಸೀಮೆಯ ಹಿರಿಯರಲ್ಲಿ ಎಳವೆಯಲ್ಲಿ ಸಾಮು ಮಾಡಿದವರು, ಗದೆ ತಿರುಗಿಸಿದವರು, ಉಳುಕನ್ನು ನೀವಿ ತೆಗೆದವರು ಇದ್ದರೆ, ಸಿಂಗಾಪುರ, ಯಲಹಂಕ, ಹೆಬ್ಬಾಳಗಳ ವಿದ್ಯಾವಂತ ತರುಣರು ಅವರ ಬಳಿ ಕುಳಿತು, ಪಟ್ಟುಗಳ ಹೆಸರುಗಳನ್ನೂ ಕಲಿಸುವ ಕ್ರಮವನ್ನೂ ಅವರ ಮಾತಿನಲ್ಲಿಯೇ ಬರೆದುಕೊಳ್ಳಲಿ. ಈ ಕೆಲಸ ಈ ತಲೆಮಾರಿನಲ್ಲಿಯೇ ಆಗಬೇಕು.