ನಾಟಿ ಹಾಕುವ ಕೈ: ಎಲುಬು, ಸ್ನಾಯು, ನರ

ತುಂಗಭದ್ರೆಯ ದಂಡೆಯ ಮುಕ್ಕುಂದದಲ್ಲಿ ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳ ಕೈ ನೋಡಿ. ಎಡಗೈಯಲ್ಲಿ ಸಸಿಯ ಕಟ್ಟು. ಬಲಗೈ ಎರಡು-ಮೂರು ಸಸಿ ಬಿಡಿಸಿಕೊಂಡು, ಬೇರನ್ನು ಕೆಸರಿಗೆ ಒತ್ತಿ ಮೇಲೇಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಈ ಕೆಲಸಕ್ಕೆ ಮೂರು ಜೊತೆಗಾರರು ಬೇಕು.

ಎಲುಬು
ವಯಸ್ಕರ ದೇಹದಲ್ಲಿ 206 ಎಲುಬುಗಳಿವೆ. ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಒಂದೊಂದು ಕೈಯಲ್ಲೇ 27.

ನರ
ಕೆಸರು ತಾಗಿದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುದೂ, ಮಿದುಳಿನ ಅಪ್ಪಣೆಯನ್ನು ಬೆನ್ನುಹುರಿಯ ಮೂಲಕ ಸ್ನಾಯುವಿಗೆ ತರುವುದೂ ನರಗಳೇ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊಮ್ಮಿದಾಗ ಸ್ನಾಯು ಬಿಗಿಯುತ್ತದೆ.

ಸ್ನಾಯು
ಸ್ನಾಯುವಿಗೆ ಎಳೆಯಲು ಬರುತ್ತದೆ, ತಳ್ಳಲು ಬರುವುದಿಲ್ಲ. ಅದಕ್ಕೇ ಅವು ಜೋಡಿಯಾಗಿ ದುಡಿಯುತ್ತವೆ: ಒಂದು ಸ್ನಾಯು ಬೆರಳನ್ನು ಮಡಿಸಿದರೆ ಇನ್ನೊಂದು ಬಿಡಿಸುತ್ತದೆ. ತಾಸುಗಟ್ಟಲೆ ಬಾಗಿದಾಗ ಬೆನ್ನಿನ ಸ್ನಾಯುಗಳೂ, ಎಲುಬುಗಳನ್ನು ಹಿಡಿದಿಡುವ ಕಟ್ಟುನಾರುಗಳೂ ಭಾರ ಹೊರುತ್ತವೆ. ನಡುನಡುವೆ ನೆಟ್ಟಗೆ ನಿಂತು ಸೊಂಟ ಸಡಿಲಿಸುವುದು ಸೋಮಾರಿತನವಲ್ಲ, ದೇಹದ ಅಗತ್ಯ.

ಮಾಡಿ ನೋಡಿ
ಬಲಗೈಯನ್ನು ಮೊಣಕೈಯ ಸ್ವಲ್ಪ ಕೆಳಗೆ ಎಡಗೈಯಿಂದ ಹಿಡಿದು, ಬಲಗೈ ಬೆರಳುಗಳನ್ನು ಮಡಿಸಿ ಬಿಡಿಸಿ. ಒಳಗೆ ಏನೋ ಅಲುಗಾಡಿತೇ? ಬೆರಳು ಮಡಿಸುವ ಮುಖ್ಯ ಸ್ನಾಯುಗಳು ಇರುವುದು ಅಲ್ಲಿಯೇ. ಹಗ್ಗದಂಥ ಸ್ನಾಯುರಜ್ಜುಗಳು ಅಲ್ಲಿಂದಲೇ ಬೆರಳನ್ನು ಎಳೆಯುತ್ತವೆ.

ನಿಮ್ಮ ತಟ್ಟೆಯ ಅನ್ನದ ಹಿಂದೆ ಇಂಥ ಸಾವಿರಾರು ಎಳೆತಗಳಿವೆ.