ಎರಡು ಹಿಡಿಗಳ ಲಾರಿ

ಗೇರು ಎಂದೊಡನೆ ಕರಾವಳಿಯವರಿಗೆ ಹಣ್ಣು ನೆನಪಾದರೆ, ಲಾರಿ ನಡೆಸುವವರಿಗೆ ಎಡಗೈಗೆ ಸಿಕ್ಕುವ ಹಿಡಿ ನೆನಪಾಗುತ್ತದೆ. ನಮ್ಮ ಸಾಮಾನ್ಯ ಲಾರಿಗಳಲ್ಲಿ ಆ ಹಿಡಿ ಒಂದೇ. ಆದರೆ 1930ರಿಂದ 1960ರ ದಶಕದ ವರೆಗೆ ಅಮೆರಿಕದಲ್ಲಿ ತಯಾರಾದ ಭಾರೀ ಲಾರಿಗಳೊಳಗೆ ಇಣಿಕಿದರೆ ಅನೇಕ ವೇಳೆ ಚಾಲಕನ ಮಗ್ಗುಲಲ್ಲಿ ಎರಡು ಹಿಡಿಗಳು ನಿಂತಿರುತ್ತವೆ. ಎರಡನೆಯದು ಏಕೆ ಬಂತು, ಹೇಗೆ ಹೋಯಿತು ಎಂಬುದನ್ನು ತಿಳಿದವರು, ಹೆಸರಿನ ತಗಡು ಕಳಚಿಹೋದ ಹಳೆಯ ಗೇರುಪೆಟ್ಟಿಗೆಯನ್ನೂ ಗುರುತಿಸಬಲ್ಲರು. ಕಾಲ ನಮೂದಿಸದ ಶಾಸನವನ್ನು ಅಕ್ಷರದ ಮಾಟದಿಂದ ಗುರುತಿಸುವಂತೆ.

ಮೊದಲು ಎಂಜಿನ್ನಿನ ಬಡತನವನ್ನು ಹೇಳಬೇಕು. ಉಗಿಯಂತ್ರ ನಿಂತಲ್ಲಿಂದಲೇ ತನ್ನ ಪೂರ್ಣ ಬಲದಿಂದ ಎಳೆಯಬಲ್ಲುದು. ಪೆಟ್ರೋಲ್, ಡೀಸೆಲ್ ಎಂಜಿನ್ನುಗಳಿಗೆ ಆ ಗುಣವಿಲ್ಲ. ತಿರುಗಣೆಯ ಒಂದು ಕಿರಿದಾದ ಮೇರೆಯೊಳಗೆ ಮಾತ್ರ ಅವುಗಳ ಸಾಮರ್ಥ್ಯ. ಆದುದರಿಂದ ರಸ್ತೆಯ ವೇಗ ಏನೇ ಇರಲಿ, ಎಂಜಿನ್ನನ್ನು ಆ ಮೇರೆಯೊಳಗೆ ಹಿಡಿದಿಡಲು ಹಲ್ಲಿನ ಚಕ್ರಗಳು ಬೇಕಾದುವು. 1890ರ ದಶಕದಲ್ಲಿ ಫ್ರಾನ್ಸಿನ ಎಮಿಲ್ ಲೆವಾಸ್ಸೋರ್, ದಂಡದ ಮೇಲೆ ಚಕ್ರಗಳನ್ನೇ ಜಾರಿಸಿ ಒಂದಕ್ಕೊಂದು ಕಚ್ಚಿಸುವ ಏರ್ಪಾಡನ್ನು ಬಳಕೆಗೆ ತಂದ. ಒರಟಾದ ಉಪಾಯ, ಆದರೆ ಕೆಲಸ ನಡೆಯುತ್ತದೆ ಎಂದು ಅವನೇ ಒಪ್ಪಿಕೊಂಡಿದ್ದನೆಂಬ ಪ್ರತೀತಿ ಉಂಟು. ಬೇರೆ ಬೇರೆ ವೇಗದಲ್ಲಿ ಸುತ್ತುವ ಎರಡು ಚಕ್ರಗಳ ಹಲ್ಲಿಗೆ ಹಲ್ಲು ತಾಗಿದರೆ ಏನಾಗುವುದೆಂಬುದನ್ನು ವಿವರಿಸಬೇಕಾಗಿಲ್ಲ. ಆ ಕರ್ಕಶ ಧ್ವನಿಯನ್ನು ಎಲ್ಲರೂ ಕೇಳಿದ್ದೇವೆ.

ಕಾರುಗಳಿಗೆ ಈ ಕಷ್ಟದಿಂದ ಬಿಡುಗಡೆ ಬೇಗ ದೊರೆಯಿತು. ಅರ್ಲ್ ಥಾಂಪ್ಸನ್ ರೂಪಿಸಿದ ಸಿಂಕ್ರೋಮೆಷ್, 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಬಂದು, ಚಕ್ರಗಳ ವೇಗವನ್ನು ತಾನೇ ಸರಿದೂಗಿಸತೊಡಗಿತು. ಅಮೆರಿಕದ ಭಾರೀ ಲಾರಿ ಮಾತ್ರ ಅದನ್ನು ದೂರವಿಟ್ಟಿತು. ಅಲ್ಲಿ ಸರಿದೂಗಿಸುವ ಹೊಣೆ ಚಾಲಕನ ಕಿವಿಗೆ, ಕಾಲಿಗೆ. ನಮ್ಮ ಚಾಲಕರೂ ಬಲ್ಲ 'ಡಬಲ್ ಕ್ಲಚ್' ಎಂದರೆ ಇದೇ: ಕ್ಲಚ್ ಒತ್ತಿ ಗೇರನ್ನು ಬಿಡಿಸುವುದು, ಕ್ಲಚ್ ಬಿಟ್ಟು, ಮೇಲಿನ ಗೇರಿಗಾದರೆ ಎಂಜಿನ್ ಇಳಿಯುವವರೆಗೆ ಕಾಯುವುದು, ಕೆಳಗಿನದಕ್ಕಾದರೆ ಎಂಜಿನ್ನನ್ನು ಏರಿಸುವುದು, ಮತ್ತೆ ಒತ್ತಿ ಕೂಡಿಸುವುದು. ಹೇಳುವುದಕ್ಕೆ ಇಷ್ಟು ಹೊತ್ತು, ಮಾಡುವುದಕ್ಕೆ ಒಂದೆರಡು ಕ್ಷಣ.

1932ರ ಸುಮಾರಿಗೆ ಬಂದ ಕಮ್ಮಿನ್ಸ್ ಕಂಪೆನಿಯ 'ಎಚ್' ಡೀಸೆಲ್ ಎಂಜಿನ್ನಿನ ಶಕ್ತಿ 125 ಅಶ್ವಶಕ್ತಿ. ಅದರ ಗರಿಷ್ಠ ವೇಗ ನಿಮಿಷಕ್ಕೆ 1800 ಸುತ್ತು. ಐದು ಗೇರುಗಳ ಪೆಟ್ಟಿಗೆಯಲ್ಲಿ ಒಂದರಿಂದ ಮುಂದಿನದಕ್ಕೆ ದಾಟುವಾಗ 1800 ಸುತ್ತು 1000ಕ್ಕೆ ಕುಸಿಯಿತೆನ್ನಿ. ಹೊರೆ ಹೊತ್ತು ಬೆಟ್ಟವೇರುವ ಬಡ ಎಂಜಿನ್ ಅಲ್ಲೇ ಏದುಸಿರು ಬಿಡುತ್ತದೆ. ನಡುವೆ ಇನ್ನೊಂದು ಮೆಟ್ಟಿಲಿದ್ದರೆ 1340ರಲ್ಲಿ ನಿಂತೀತು. ಆ ನಡುಮೆಟ್ಟಿಲುಗಳಿಗಾಗಿ ಮುಖ್ಯ ಪೆಟ್ಟಿಗೆಯ ಹಿಂದೆ ಮೂರೋ ನಾಲ್ಕೋ ಗೇರುಗಳ ಇನ್ನೊಂದು ಪೆಟ್ಟಿಗೆಯನ್ನು ಸೇರಿಸಿದರು. ಐದನ್ನು ನಾಲ್ಕರಿಂದ ಗುಣಿಸಿದರೆ ಲೆಕ್ಕಕ್ಕೆ ಇಪ್ಪತ್ತು. ಅವುಗಳಲ್ಲಿ ಕೆಲವು ಒಂದರ ಮೇಲೊಂದು ಬೀಳುವುದರಿಂದ ಬಳಕೆಗೆ ಅಷ್ಟಿಲ್ಲ.

ಈ ಎರಡನೆಯ ಪೆಟ್ಟಿಗೆಗೆ ಚಾಲಕರು ಇಟ್ಟ ಹೆಸರು 'ಬ್ರೌನಿ'. ಸಿರಕ್ಯೂಸ್ ನಗರದ ಬ್ರೌನ್-ಲೈಪ್ ಕಂಪೆನಿಯ ಹೆಸರಿನ ಅಪಭ್ರಂಶವದು. ಬೇರೆಯವರು ಮಾಡಿದ ಪೆಟ್ಟಿಗೆಗಳೂ ಜನರ ಬಾಯಲ್ಲಿ ಬ್ರೌನಿಗಳೇ ಆದುವು. ಕಂಪೆನಿಯ ಸ್ಥಾಪಕರಲ್ಲೊಬ್ಬನಾದ ಅಲೆಕ್ಸಾಂಡರ್ ಬ್ರೌನ್, ಸ್ಮಿತ್ ಪ್ರೀಮಿಯರ್ ಬೆರಳಚ್ಚು ಯಂತ್ರವನ್ನು ಕಂಡುಹಿಡಿದವನೂ ಹೌದು. ಮ್ಯಾಕ್ ಕಂಪೆನಿಯವರ ದಾರಿ ಬೇರೆ. ಅವರು ಎರಡನ್ನೂ ಒಂದೇ ಘಟಕವಾಗಿ ಜೋಡಿಸಿ ಡುಪ್ಲೆಕ್ಸ್, ಟ್ರಿಪ್ಲೆಕ್ಸ್, ಕ್ವಾಡ್ರುಪ್ಲೆಕ್ಸ್ ಎಂದು ಕರೆದರು. ಕ್ರಮವಾಗಿ 10, 15, 20 ಗೇರುಗಳು.

ಈ ಸಂಪತ್ತಿನ ಬೆಲೆಯನ್ನು ತೆತ್ತವನು ಚಾಲಕ. ಕೆಲವು ಸ್ಥಾನಗಳಲ್ಲಿ ಒಂದು ಹಿಡಿಯನ್ನು ಮೇಲಕ್ಕೂ ಇನ್ನೊಂದನ್ನು ಕೆಳಕ್ಕೂ ಏಕಕಾಲದಲ್ಲಿ ಸರಿಸಬೇಕು. ಎಡಗೈಯನ್ನು ಸ್ಟಿಯರಿಂಗ್ ಚಕ್ರದ ಅರಗಳ ನಡುವೆ ತೂರಿಸಿ ಒಂದು ಹಿಡಿ, ಬಲಗೈಯಲ್ಲಿ ಇನ್ನೊಂದು. ಲಾರಿಯ ದಿಕ್ಕನ್ನು ಕಾಯುವುದು ಮೊಣಕೈ! ನೋಡುವವರಿಗೆ ಇದು ಚಮತ್ಕಾರ. ಇಳಿಜಾರಿನಲ್ಲಿ ಪ್ರಾಣದ ಪ್ರಶ್ನೆ. ಎರಡೂ ಪೆಟ್ಟಿಗೆಗಳು ಬಿಡುಗೇರಿನಲ್ಲಿ ನಿಂತುಬಿಟ್ಟರೆ ಎಂಜಿನ್ನಿನ ತಡೆ ಇಲ್ಲವಾಗಿ ಲಾರಿಯ ವೇಗ ಏರುತ್ತದೆ. ಏರಿದಷ್ಟೂ ಗೇರು ಸಿಕ್ಕುವುದು ಕಷ್ಟ. ಉಳಿದುದು ಬ್ರೇಕು, ಅದೋ ಕಾದು ಸೋಲುತ್ತದೆ. ಏರಿದ ಗೇರಿನಲ್ಲೇ ಇಳಿ, ಇಲ್ಲವೆ ಅದಕ್ಕಿಂತ ಕೆಳಗಿನದರಲ್ಲಿ ಇಳಿ ಎಂಬ ಹಳಬರ ಕಟ್ಟಳೆ ಹುಟ್ಟಿದ್ದು ಹೀಗೆ. 1931ರಲ್ಲಿ ಸ್ವತಃ ಕ್ಲೆಸ್ಸಿ ಕಮ್ಮಿನ್ಸ್ ತನ್ನ ಡೀಸೆಲ್ ಲಾರಿಯಲ್ಲಿ ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆಯನ್ನು ಇಳಿಯುತ್ತಿದ್ದಾಗ ಬ್ರೇಕು ಕೈಕೊಟ್ಟಿತು. ಕೆಳಗೆ ರಸ್ತೆಯನ್ನಡ್ಡ ಹಾಯುತ್ತಿದ್ದ ಗೂಡ್ಸ್ ರೈಲಿಗೆ ಲಾರಿ ಡಿಕ್ಕಿ ಹೊಡೆಯುವುದು ಕೂದಲೆಳೆಯಲ್ಲಿ ತಪ್ಪಿತು. ಆ ಭಯ ಅವನನ್ನು ಬಿಡಲಿಲ್ಲ. ಮುಂದೆ ಎಂಜಿನ್ನನ್ನೇ ಬ್ರೇಕಾಗಿ ತಿರುಗಿಸುವ ಸಾಧನವನ್ನು ಅವನು ರೂಪಿಸಿದ. 1961ರಲ್ಲಿ ಜೇಕಬ್ಸ್ ಕಂಪೆನಿ ಅದನ್ನು ಮಾರುಕಟ್ಟೆಗೆ ತಂದಿತು.

ಎರಡನೆಯ ಹಿಡಿಯನ್ನು ಹಿಮ್ಮೆಟ್ಟಿಸಿದುದು ಕಲಾಮಜೂ ನಗರದ ಫುಲ್ಲರ್ ಕಂಪೆನಿಯ 'ರೋಡ್‌ರೇಂಜರ್'. ಇದರಲ್ಲಿಯೂ ಹಿಂದುಗಡೆ ಚಿಕ್ಕ ಪೆಟ್ಟಿಗೆಯೊಂದು ಅಡಗಿದೆ. ಆದರೆ ಅದನ್ನು ಬದಲಿಸುವುದು ಒತ್ತಿದ ಗಾಳಿ, ಬೆರಳಿನ ಬಳಿಯ ಗುಂಡಿಯ ಅಪ್ಪಣೆಯಂತೆ. ಐದು ಗೇರು ಏರಿ, ಗುಂಡಿ ಎತ್ತಿ, ಅದೇ ಐದು ಸ್ಥಾನಗಳನ್ನು ಮತ್ತೊಮ್ಮೆ ಸುತ್ತಿದರೆ ಹತ್ತು. ಫುಲ್ಲರ್ 1958ರಲ್ಲಿ ಈಟನ್ ಕಂಪೆನಿಗೆ ಸೇರಿತು. 1963ರಲ್ಲಿ ಬಂದ ಹೊಸ ಮಾದರಿಯಲ್ಲಿ ಒಂದರ ಬದಲು ಎರಡು ಪಕ್ಕದ ದಂಡಗಳು ಹೊರೆಯನ್ನು ಹಂಚಿಕೊಂಡುದರಿಂದ ಹಲ್ಲುಗಳ ಅಗಲ ಕಡಮೆಯಾಗಿ ಪೆಟ್ಟಿಗೆ ಗಿಡ್ಡವಾಯಿತು. ಮ್ಯಾಕ್‌ನವರು 1966ರಲ್ಲಿ ರೋಗದ ಬೇರಿಗೇ ಕೈ ಹಾಕಿದರು: ಅವರ ಮ್ಯಾಕ್ಸಿಡೈನ್ ಎಂಜಿನ್ 1200ರಿಂದ 2100 ಸುತ್ತುಗಳವರೆಗೂ ಹೆಚ್ಚುಕಡಮೆ ಒಂದೇ ಸಮನೆ ಶಕ್ತಿ ಕೊಡುತ್ತಿದ್ದುದರಿಂದ ಐದೇ ಗೇರು ಸಾಕಾದುವು. ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚಿನ ಜಾಣತನ.

ಇನ್ನು ಗುರುತಿಸುವ ಬಗೆ. ಎರಡು ಹಿಡಿಗಳಿದ್ದು, ಕೆಳಗೆ ಎರಡು ಪೆಟ್ಟಿಗೆಗಳ ನಡುವೆ ಗಿಡ್ಡ ದಂಡವೊಂದು ಕಂಡರೆ ಅದು ಬ್ರೌನಿಯ ಸಂಸಾರ. ಎರಡು ಹಿಡಿಗಳಿದ್ದೂ ಒಡಲು ಒಂದೇ ಆಗಿದ್ದರೆ ಮ್ಯಾಕ್ ಕಡೆ ಮನಸ್ಸು ಹರಿಯಬೇಕು. ಹಿಡಿ ಒಂದೇ ಇದ್ದು, ಅದರ ತಲೆಯಿಂದ ಸಣ್ಣ ಗಾಳಿಕೊಳವೆಗಳು ಹಿಂದಕ್ಕೆ ಹೋಗಿದ್ದರೆ ರೋಡ್‌ರೇಂಜರ್ ಜಾತಿ. ಫುಲ್ಲರ್ ತಗಡಿನ ಮೇಲೆ 'ಆರ್‌ಟಿಓ-12513' ಎಂದಿದ್ದರೆ ನಮ್ಮ ಸಾರಿಗೆ ಕಚೇರಿಯ ಮೊಹರೆಂದು ಬೆದರಬೇಕಾಗಿಲ್ಲ. ಆರ್ ಎಂದರೆ ರೋಡ್‌ರೇಂಜರ್, ಟಿ ಎಂದರೆ ಜೋಡಿ ದಂಡ, ಓ ಎಂದರೆ ಓವರ್‌ಡ್ರೈವ್. 12 ತಾಳಬಲ್ಲ ತಿರುಚುಬಲದ ಸೂಚನೆ, ಕೊನೆಯ 13 ಮುಂದಿನ ಗೇರುಗಳ ಎಣಿಕೆ. ತಗಡಿಲ್ಲದಿದ್ದರೆ ಒಡಲಿನ ಎರಕದಲ್ಲಿ ಮೂಡಿದ ಅಂಕಿಯನ್ನು ನೋಡುವುದುಂಟು. ಅದು ಒಡಲನ್ನು ಹೇಳೀತೇ ಹೊರತು ಒಳಗಿನ ಚಕ್ರಗಳನ್ನಲ್ಲ. ಅದಕ್ಕೆ ಎಣಿಸುವುದೇ ದಾರಿ. ಒಂದೊಂದು ಗೇರಿನಲ್ಲಿಟ್ಟು, ಹಿಂದಿನ ದಂಡ ಒಂದು ಸುತ್ತು ಮುಗಿಸಲು ಮುಂದಿನ ದಂಡವನ್ನು ಎಷ್ಟು ಸುತ್ತು ತಿರುಗಿಸಬೇಕಾಯಿತೆಂದು ಬರೆದುಕೊಳ್ಳಬೇಕು. ಆರೂವರೆಯಾದರೆ ಆ ಗೇರಿನ ಅನುಪಾತ ಆರೂವರೆಗೆ ಒಂದು. ಒಂದಕ್ಕಿಂತ ಕಡಮೆಯಾದರೆ ಓವರ್‌ಡ್ರೈವ್. ಹಿಡಿಯ ತುದಿಯ ಗುಬ್ಬಿಯ ಮೇಲೆ ಕೆತ್ತಿರುವ ಗೇರುಗಳ ನಕ್ಷೆಯನ್ನು ಮಾತ್ರ ನಂಬಬಾರದು. ಗುಬ್ಬಿಯನ್ನು ಒಂದು ಲಾರಿಯಿಂದ ತಿರುಚಿ ತೆಗೆದು ಇನ್ನೊಂದಕ್ಕೆ ಹಾಕಲು ಅರೆ ನಿಮಿಷ ಸಾಕು.